ಮರಳಿ ಬಾರದವರ ರೇಡಿಯೋ

ಗದಗಿನ ಮಗ್ಗುಲಲ್ಲಿರುವ ಬಿಂಕದಕಟ್ಟಿಯು ಹೊರಗಿನವರಿಗೆ ಪರಿಚಿತವಾಗಿರುವುದು ಅಲ್ಲಿಯ ಮೃಗಾಲಯದಿಂದ. ಆ ಊರಿನ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ತಂದೆಯ ಕಾಲದ ಟ್ರಾನ್ಸಿಸ್ಟರ್ ರೇಡಿಯೋ ಒಂದಿತ್ತು. ಅಂಚೆಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿ ರೇಡಿಯೋ ಕೇಳಬೇಕಾಗಿದ್ದ ದಿನಗಳ ಯಂತ್ರವದು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಮಾಸ್ತರರು ಬಾಲ್ಯದಿಂದಲೂ ಅದರಲ್ಲಿಯೇ ಕೇಳುತ್ತ ಬಂದಿದ್ದರು. 2016ರ ಮಳೆಗಾಲದಲ್ಲಿ ಅದರ ದನಿ ನಿಂತಿತು.

ಗದಗಿನ ದುರಸ್ತಿಗಾರನು ಹಿಂಬದಿಯ ಮುಚ್ಚಳ ತೆಗೆದು ಪರೀಕ್ಷಿಸಿದನು. ಕಂಡೆನ್ಸರ್ ಒಣಗಿದ್ದರೆ ಚಿಂತೆಯಿರಲಿಲ್ಲ. ಅದೇ ಅಳತೆಯ ಹೊಸತನ್ನು ಬೆಸೆದರೆ ಮುಗಿಯಿತು. ಆದರೆ ಕೆಟ್ಟಿದ್ದುದು ಸ್ಪೀಕರನ್ನು ನುಡಿಸುವ ಎಸಿ 128 ಟ್ರಾನ್ಸಿಸ್ಟರುಗಳ ಜೋಡಿ. ಅವು ಜರ್ಮೇನಿಯಂ ಧಾತುವಿನವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆಗೆ ತೊಡಗಿತ್ತು. ಸಿಲಿಕಾನ್ ಬಂದ ಮೇಲೆ ಲೋಕವೇ ಅವುಗಳನ್ನು ಬಹುಮಟ್ಟಿಗೆ ಕೈಬಿಟ್ಟಿತು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಸುಮ್ಮನೆ ಕೂಡಿಸಲಾಗದು. ಜರ್ಮೇನಿಯಂ 0.2-0.3 ವೋಲ್ಟಿಗೆ ಕೆಲಸ ಆರಂಭಿಸಿದರೆ ಸಿಲಿಕಾನಿಗೆ 0.6-0.7 ವೋಲ್ಟ್ ಬೇಕು. ಸುತ್ತಲಿನ ರೆಸಿಸ್ಟರುಗಳನ್ನೂ ಬದಲಿಸಬೇಕಾಗುತ್ತದೆ.

ಹುಬ್ಬಳ್ಳಿಯಲ್ಲಿ ಹುಡುಕಿದ್ದು ವ್ಯರ್ಥವಾಯಿತು. ಮಗನು ಬೆಂಗಳೂರಿನಿಂದ ತಂದ ಜೋಡಿಯ ಮೈಮೇಲೆ ಎಸಿ 128 ಎಂದೇ ಅಚ್ಚಾಗಿತ್ತು. ಆದರೆ ಮೀಟರು 0.6 ತೋರಿಸಿತು. ಹಳೆಯ ಅಕ್ಷರ ಅಳಿಸಿ ಬೇರೆ ಹೆಸರು ಒತ್ತಿ ಮಾರುವ ಈ ವ್ಯಾಪಾರ ಜಗತ್ತಿನ ಎಲ್ಲೆಡೆಯೂ ಇದೆ. ಪ್ರತಿರೂಪಕ ವ್ಯವಹಾರವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಶಾಸ್ತ್ರಕಾರರಿಗೆ ಇದು ಹೊಸ ಸಂಗತಿಯಾಗುತ್ತಿರಲಿಲ್ಲ.

ಆಗ ದುರಸ್ತಿಗಾರನು ಅಟ್ಟದ ಮೇಲಿಂದ ಧೂಳು ತುಂಬಿದ ಸೆಟ್ಟೊಂದನ್ನು ಇಳಿಸಿದನು. ಅದೇ ಮಾದರಿ.

“ಇದರಾಗಿನ್ವು ಛಲೋ ಅದಾವ್ರಿ ಮಾಸ್ತರ. ತಗದು ನಿಮ್ಮದಕ್ಕ ಹಾಕತೀನಿ. ಆರು ವರ್ಷ ಆತು, ಯಾರೂ ಬಂದಿಲ್ಲ.”

“ಯಾರದಪಾ ಇದು?”

ಹಿಡಿಕೆಗೆ ಕಟ್ಟಿದ್ದ ಚೀಟಿಯಲ್ಲಿ ಒಂದು ಹೆಸರು, ಕೆಳಗೆ ಬೆಟಗೇರಿ ಎಂದಿತ್ತು.

ಮಾಸ್ತರರು ಆಮೇಲೆ ನಿರ್ಧರಿಸುವೆನೆಂದು ಮನೆಗೆ ಮರಳಿದರು. ಆ ವಾರ ಎರಡು ಬಾರಿ ಅಂಗಡಿಯವರೆಗೆ ಹೋಗಿ, “ಹಾಕಿಬಿಡಪಾ” ಎನ್ನಲು ಬಾಯಿ ತೆರೆದು ಹಿಂತಿರುಗಿದರೆಂಬುದನ್ನು ಅವರೇ ಅನಂತರ ಮರೆಮಾಚದೆ ಹೇಳಿದರು. ಅವರ ಮನಸ್ಸು ಒಡ್ಡಿದ ವಾದ ಹಗುರವಾದುದೇನೂ ಅಲ್ಲ. ಒಡೆಯನು ಮರೆತ ವಸ್ತು. ಬಿಟ್ಟರೆ ಗುಜರಿಗೆ ಹೋಗುವುದು ನಿಶ್ಚಯ. ಅದರಿಂದ ಮತ್ತೊಂದು ಯಂತ್ರ ಬದುಕಿದರೆ ಹೊಸದನ್ನು ಕೊಳ್ಳುವ ಪರಿಗ್ರಹವೂ ತಪ್ಪುವುದು, ಕಸವೂ ಕಡಿಮೆಯಾಗುವುದು. ಎಲ್ಲವೂ ಸರಿ. ಆದರೆ ಅದತ್ತಾದಾನದ ವಿಚಾರದಲ್ಲಿ ಕೇಳಬೇಕಾದದ್ದು ವಸ್ತುವು ಒಡೆಯನಿಗೆ ಉಪಯುಕ್ತವೋ ಅಲ್ಲವೋ ಎಂದಲ್ಲ, ಆತನು ಕೊಟ್ಟನೋ ಇಲ್ಲವೋ ಎಂದು. ಬೆಟಗೇರಿಯೇನು ದೂರದ ದೇಶವೇ? ಕೇಳದೆ ಇರಲು ಅವರಲ್ಲಿದ್ದ ಕಾರಣ ಒಂದೇ: ಕೇಳಿದರೆ ‘ಇಲ್ಲ’ ಎಂದಾರೆಂಬ ಭಯ.

ಎಂಟನೆಯ ದಿನ ಚೀಟಿ ಹಿಡಿದು ಹೊರಟರು. ನೇಕಾರರ ಓಣಿಯಲ್ಲಿ ಮನೆ ಸಿಕ್ಕಿತು. ಒಡೆಯನು ರೇಡಿಯೋ ಕೊಟ್ಟ ವರ್ಷವೇ ತೀರಿಕೊಂಡಿದ್ದನು. ಎಲ್ಲಿ ಕೊಟ್ಟನೆಂಬುದು ಮನೆಯವರಿಗೆ ತಿಳಿದಿರಲಿಲ್ಲ. ವೃದ್ಧೆಯಾದ ಪತ್ನಿ ಹೊರಗೆ ಬಂದು ಕೇಳಿದಳು, “ಅದು ಇನ್ನಾ ಐತೇನ್ರಿ ಯಪ್ಪಾ? ಮಗ್ಗದ ಮುಂದ ಹಚ್ಚಿಕೊಂಡ ಕುಂದರತಿದ್ರು.”

ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತು ಮಾಸ್ತರರ ನಾಲಿಗೆಗೆ ಬರಲಿಲ್ಲ.

ಆ ಸೆಟ್ಟಿನಲ್ಲಿ ಹರಿದಿದ್ದುದು ಸ್ಪೀಕರಿನ ಕಾಗದ ಮಾತ್ರ. ಹೊಸ ಸ್ಪೀಕರಿನ ಹಣವನ್ನು ಮಾಸ್ತರರೇ ಕೊಟ್ಟು, ನಾಲ್ಕು ದಿನಗಳ ಬಳಿಕ ರೇಡಿಯೋವನ್ನು ಬೆಟಗೇರಿಗೆ ಮುಟ್ಟಿಸಿದರು. ದುರಸ್ತಿಗಾರನು ನಕ್ಕು, ಬೆಂಗಳೂರಿನಿಂದ ಬಂದಿದ್ದ ಆ ಸಿಲಿಕಾನ್ ಜೋಡಿಯನ್ನೇ ಇವರ ಸೆಟ್ಟಿಗೆ ಬೆಸೆದು, ರೆಸಿಸ್ಟರುಗಳನ್ನು ಅಂದಾಜಿನ ಮೇಲೆ ಬದಲಿಸಿದನು. ರೇಡಿಯೋ ನುಡಿಯಿತು. ಆದರೆ ದನಿ ತಗ್ಗಿಸಿದಾಗ ಒಡಕು ಕೇಳಿಸುತ್ತದೆ, ಏರಿಸಿದರಷ್ಟೇ ಸ್ವಚ್ಛ.

ಬೆಳಗಿನ ಜಾವ ಒಳಗಿನಿಂದ ಸೊಸೆಯ ಮಾತು ಬರುತ್ತದೆ: “ಮಾವಾರ, ಸ್ವಲ್ಪ ಸಣ್ಣಗ ಇಡ್ರಿ, ಕೂಸು ಮಲಗೇದ.” ಮಾಸ್ತರರು ತಗ್ಗಿಸಿ, ಒಡಕು ದನಿಗೆ ಕಿವಿಯನ್ನು ಹತ್ತಿರ ತರುತ್ತಾರೆ.