ಭೂಕಂಪವೂ ಇಬ್ಬರು ಮಹನೀಯರೂ

1934ನೆಯ ಇಸವಿ ಜನವರಿ 15, ಸೋಮವಾರ. ಸಂಕ್ರಾಂತಿ ಹಬ್ಬ ಆಗತಾನೆ ಕಳೆದಿತ್ತು. ಉತ್ತರ ಬಿಹಾರದ ಬಯಲಿನಲ್ಲಿ ಕಬ್ಬು ಬಲಿತು ಕಟಾವಿಗೆ ನಿಂತಿತ್ತು. ಮಧ್ಯಾಹ್ನ ಎರಡು ಗಂಟೆ ದಾಟಿ ಕೆಲವು ನಿಮಿಷಗಳಾಗಿದ್ದುವು. ಪೇಟೆಗಳಲ್ಲಿ ಎಂದಿನಂತೆ ವ್ಯಾಪಾರ ನಡೆದಿತ್ತು. ಅಷ್ಟರಲ್ಲಿ ನೆಲ ನಡುಗಿತು. ನಡುಕ ನಿಲ್ಲುವ ವೇಳೆಗೆ ಮುಂಗೇರ್ ಪಟ್ಟಣದ ಇಕ್ಕಟ್ಟಾದ ಪೇಟೆಬೀದಿಗಳು ಇಟ್ಟಿಗೆಯ ರಾಶಿಗಳಾಗಿದ್ದುವು. ಮುಜಫ್ಫರಪುರ, ದರ್ಭಂಗಾ, ಮೋತಿಹಾರಿಗಳಲ್ಲಿಯೂ ಅದೇ ಅವಸ್ಥೆ. ಸೀತಾಮಢಿಯ ಸುತ್ತಮುತ್ತ ಮನೆಗಳು ಓರೆಯಾಗಿ ನೆಲದೊಳಕ್ಕೆ ಕುಸಿದುವು. ಹೊಲಗಳ ನಡುವೆ ಭೂಮಿ ಬಾಯಿಬಿಟ್ಟು, ನೀರೂ ಮರಳೂ ಕಾರಂಜಿಯಂತೆ ಚಿಮ್ಮಿದುವು. ಬಾವಿಗಳು ಮರಳಿನಿಂದ ತುಂಬಿ ಬತ್ತಿಹೋದುವು. ಗಡಿಯಾಚೆಯ ನೇಪಾಳದಲ್ಲಿ ಭಕ್ತಪುರ ಪಾಳುಬಿದ್ದಿತು. ಕಾಠ್ಮಂಡುವಿನ ಧರಹರಾ ಗೋಪುರ ಮುರಿದು ಉರುಳಿತು. ಎರಡೂ ಕಡೆ ಸೇರಿ 10,000ಕ್ಕೂ ಹೆಚ್ಚು ಮಂದಿ ಪ್ರಾಣ ನೀಗಿದರು.

ಇಂಥ ವಿಪತ್ತು ಬಂದೆರಗಿದಾಗ ಮನುಷ್ಯನ ಕಣ್ಣೀರು ಆರುವ ಮೊದಲೇ ಅವನ ಬಾಯಿಂದ ಒಂದು ಪ್ರಶ್ನೆ ಹೊರಡುತ್ತದೆ: ಏಕೆ ಹೀಗಾಯಿತು? ಈ ‘ಏಕೆ’ ಎಂಬ ಎರಡಕ್ಷರದಲ್ಲಿ ವಾಸ್ತವವಾಗಿ ಎರಡು ಪ್ರಶ್ನೆಗಳು ಅಡಗಿವೆ. ಯಾವ ಕಾರಣದಿಂದ ನೆಲ ನಡುಗಿತು ಎಂಬುದೊಂದು. ಯಾವ ತಪ್ಪಿಗಾಗಿ ನಮಗೆ ಈ ಗತಿ ಬಂದಿತು ಎಂಬುದು ಮತ್ತೊಂದು. ಮೊದಲನೆಯದನ್ನು ಕೇಳುವವನು ಮಣ್ಣನ್ನು ಅಗೆದು ನೋಡುತ್ತಾನೆ. ಎರಡನೆಯದನ್ನು ಕೇಳುವವನು ತನ್ನ ಮನಸ್ಸನ್ನು ಅಗೆದು ನೋಡುತ್ತಾನೆ. ಆ ವರ್ಷ ಭಾರತದ ಇಬ್ಬರು ಮಹನೀಯರು ಈ ಪ್ರಶ್ನೆಗಳನ್ನು ಹಿಡಿದು ಬಹಿರಂಗವಾಗಿ ವಾದಿಸಿದರು. ಒಬ್ಬರು ಮಹಾತ್ಮ ಗಾಂಧಿ, ಇನ್ನೊಬ್ಬರು ಕವಿ ರವೀಂದ್ರನಾಥ ಠಾಕೂರರು.

ಗಾಂಧೀಜಿ ಆಗ ಹರಿಜನ ಯಾತ್ರೆಯಲ್ಲಿದ್ದರು. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟು, ಅಸ್ಪೃಶ್ಯತೆಯನ್ನು ತೊಡೆಯಿರಿ ಎಂದು ಊರೂರಿನಲ್ಲಿ ಬೇಡುತ್ತ, ಹರಿಜನ ನಿಧಿಗೆ ಕಾಸುಕಾಸಾಗಿ ಹಣ ಕೂಡಿಸುತ್ತ ನಡೆದಿದ್ದರು. ಭೂಕಂಪದ ವಾರ್ತೆ ಅವರನ್ನು ಮುಟ್ಟಿದಾಗ ಅವರು ದಕ್ಷಿಣದಲ್ಲಿದ್ದರು. ಜನವರಿ 24ರಂದು ತಿರುನೆಲ್ವೇಲಿಯ ಸಭೆಯಲ್ಲಿ ಅವರು ತಮ್ಮ ಮನಸ್ಸಿನಲ್ಲಿದ್ದುದನ್ನು ಮುಚ್ಚುಮರೆಯಿಲ್ಲದೆ ಆಡಿಬಿಟ್ಟರು. ಬಿಹಾರದ ಈ ಸಂಕಟ ನಾವು ಹರಿಜನರೆಂದು ಕರೆಯುವವರಿಗೆ ಮಾಡಿದ, ಇನ್ನೂ ಮಾಡುತ್ತಿರುವ ಪಾಪಕ್ಕೆ ದೇವರು ಕೊಟ್ಟ ದಂಡನೆಯೆಂದು ತಾವು ನಂಬುವುದಾಗಿ ಅವರು ಹೇಳಿದರು.

ಪತ್ರಿಕೆಗಳಲ್ಲಿ ಈ ಮಾತು ಬಂದಾಗ ಶಾಂತಿನಿಕೇತನದಲ್ಲಿದ್ದ ಕವಿಗೆ ನೋವಾಯಿತು. ಅವರು ಗಾಂಧೀಜಿಯ ವಿರೋಧಿಗಳಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಯರವಡಾ ಸೆರೆಮನೆಯಲ್ಲಿ ಆಮರಣ ಉಪವಾಸ ಕೈಕೊಂಡಾಗ, ಎಪ್ಪತ್ತು ದಾಟಿದ ಕವಿ ಅಷ್ಟು ದೂರದಿಂದ ಪುಣೆಗೆ ಧಾವಿಸಿ ಬಂದಿದ್ದರು. ಉಪವಾಸ ಮುಗಿದ ಹೊತ್ತಿನಲ್ಲಿ ಹಾಸಿಗೆಯ ಬಳಿ ಕುಳಿತು ಹಾಡಿದ್ದರು. ಅಸ್ಪೃಶ್ಯತೆಯ ಮೇಲೆ ಅವರಿಗಿದ್ದ ಜುಗುಪ್ಸೆ ಗಾಂಧೀಜಿಯವರದಕ್ಕಿಂತ ಕಡಿಮೆಯದಲ್ಲ. ಆದರೂ, ಅಥವಾ ಅದಕ್ಕಾಗಿಯೇ, ಸುಮ್ಮನಿರಲು ಅವರಿಂದ ಆಗಲಿಲ್ಲ. ತಮ್ಮ ಆಕ್ಷೇಪಣೆಯನ್ನು ಬರೆದು ನೇರವಾಗಿ ಗಾಂಧೀಜಿಯವರಿಗೇ ಕಳುಹಿಸಿದರು. ಗಾಂಧೀಜಿ ಅದನ್ನು ಒಂದಕ್ಷರವನ್ನೂ ಬಿಡದೆ 1934ರ ಫೆಬ್ರವರಿ 16ರ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚುಹಾಕಿಸಿ, ಪಕ್ಕದಲ್ಲಿ ತಮ್ಮ ಉತ್ತರವನ್ನು ಇರಿಸಿದರು. ತನ್ನನ್ನು ಖಂಡಿಸಿದ ಬರಹವನ್ನು ತನ್ನ ಪತ್ರಿಕೆಯಲ್ಲೇ ಪ್ರಕಟಿಸುವ ಈ ಸೌಜನ್ಯ ಇಂದಿನ ವಾದವಿವಾದಗಳಲ್ಲಿ ಎಷ್ಟರಮಟ್ಟಿಗೆ ಕಂಡುಬರುತ್ತದೆಯೋ ಓದುಗರೇ ಹೇಳಬೇಕು.

ಕವಿಯ ವಾದ ಸ್ಪಷ್ಟವಾಗಿತ್ತು. ಭೌತಿಕ ಅನಾಹುತಕ್ಕೆ ಭೌತಿಕ ಕಾರಣವೇ ಹೊರತು ಬೇರೆ ಕಾರಣವಿಲ್ಲ. ಪ್ರಕೃತಿಯ ನಿಯಮಗಳು ಯಾರ ಮುಖವನ್ನೂ ನೋಡುವುದಿಲ್ಲ. ಮನುಷ್ಯನ ಪಾಪ ಎಷ್ಟೇ ಘೋರವಾಗಿರಲಿ, ಸೃಷ್ಟಿಯ ಕಟ್ಟಡವನ್ನು ಕೆಡವುವಷ್ಟು ಬಲ ಅದಕ್ಕಿಲ್ಲ. ಇಷ್ಟನ್ನು ಯಾವ ವಿಜ್ಞಾನಿಯಾದರೂ ಹೇಳಿಯಾನು. ಕವಿ ಅಲ್ಲಿಗೆ ನಿಲ್ಲಲಿಲ್ಲ. ಇದು ದಂಡನೆಯೇ ಆಗಿದ್ದರೆ ದಂಡನೆಗೆ ಗುರಿಯಾದವರು ಯಾರು ಎಂದು ಕೇಳಿದರು. ತೊಟ್ಟಿಲ ಕೂಸುಗಳು ಸತ್ತುವು. ಅಸ್ಪೃಶ್ಯರೆನಿಸಿಕೊಂಡವರೇ ಸತ್ತರು. ಹೆಚ್ಚಿನ ಶಿಕ್ಷೆಗೆ ಪಾತ್ರರಾಗಬಹುದಾದವರು ದೂರದ ಊರುಗಳಲ್ಲಿ ಸುಖವಾಗಿದ್ದರು. ಅವರಿಗೆ ಬುದ್ಧಿ ಕಲಿಸಲೆಂದು ಇವರನ್ನು ಕೊಲ್ಲುವ ದೇವರನ್ನು ಕಲ್ಪಿಸುವುದಾದರೆ, ಅಂಥ ದೇವರಿಗಿಂತ ಸಾಮಾನ್ಯ ಮನುಷ್ಯನೇ ನೀತಿಯಲ್ಲಿ ಮೇಲೆಂದು ಒಪ್ಪಬೇಕಾಗುತ್ತದೆ. ವಿಜ್ಞಾನದ ಪರವಾಗಿ ಆಡಿದಂತೆ ತೋರುವ ಈ ಮಾತು ನಿಜವಾಗಿ ನೋಡಿದರೆ ದೇವರ ಪರವಾಗಿಯೇ ಆಡಿದ ಮಾತು!

ಅವರಿಗೆ ಇನ್ನೊಂದು ಅಂಜಿಕೆಯೂ ಇತ್ತು. ಈ ತರ್ಕ ಎರಡಲಗಿನ ಕತ್ತಿ. ಅಸ್ಪೃಶ್ಯತೆಯ ಪಾಪಕ್ಕಾಗಿ ನೆಲ ನಡುಗಿತೆಂದು ಗಾಂಧೀಜಿ ಹೇಳಬಹುದಾದರೆ, ಅಸ್ಪೃಶ್ಯತೆಯನ್ನು ಅಳಿಸಹೊರಟ ಪಾಪಕ್ಕಾಗಿಯೇ ನಡುಗಿತೆಂದು ಅವರ ವಿರೋಧಿಗಳೂ ಹೇಳಬಹುದಲ್ಲವೆ? ಆಗ ಇಬ್ಬರಲ್ಲಿ ಯಾರ ಮಾತು ದಿಟವೆಂದು ನಿರ್ಣಯಿಸುವವರು ಯಾರು? ಆ ವಿರೋಧಿಗಳು ಎಂಥವರೆಂಬುದು ಮುಂದೆ ಬೇಗನೆ ತಿಳಿಯಿತು. ಅದೇ ಏಪ್ರಿಲಿನಲ್ಲಿ ದೇವಘರದಲ್ಲಿ ಗಾಂಧೀಜಿಯ ಮೋಟಾರು ಗಾಡಿಯ ಮೇಲೆ ಏಟು ಬಿದ್ದಿತು. ಜೂನಿನಲ್ಲಿ ಪುಣೆಯಲ್ಲಿ ಅವರ ಮೇಲೆ ಗುರಿಯಿಟ್ಟು ಬಾಂಬು ಎಸೆಯಲಾಯಿತು.

ಗಾಂಧೀಜಿ ತಮ್ಮ ಉತ್ತರದಲ್ಲಿ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ದೇವರ ನಿಯಮಗಳೆಲ್ಲ ನಮಗೆ ತಿಳಿದಿಲ್ಲ. ದೊಡ್ಡ ವಿಜ್ಞಾನಿಯ ಅರಿವು ಕೂಡ ಧೂಳಿನ ಕಣದಷ್ಟು. ಜಡಕ್ಕೂ ಚೇತನಕ್ಕೂ ಸಂಬಂಧವಿದೆಯೆಂದು ತಮ್ಮ ಅಂತರಂಗ ಹೇಳುತ್ತದೆ. ಅದನ್ನು ಪ್ರಮಾಣಪೂರ್ವಕವಾಗಿ ತೋರಿಸಲು ತಮ್ಮಿಂದಾಗದು. ಆದರೆ ನಗೆಪಾಟಲಿಗೆ ಹೆದರಿ ನಂಬಿದ್ದನ್ನು ಮುಚ್ಚಿಟ್ಟರೆ ತಾವು ಹೇಡಿಯಾಗುತ್ತೇವೆ. ಒಂದು ವೇಳೆ ಈ ನಂಬಿಕೆ ಸುಳ್ಳೆಂದೇ ತೇಲಿದರೂ ಅದರಿಂದ ಆತ್ಮಶುದ್ಧಿಯ ಪ್ರಯತ್ನ ಹೆಚ್ಚುವುದರಿಂದ ನಷ್ಟವಿಲ್ಲ. ಇದು ಅವರ ಉತ್ತರದ ಸಾರ.

ಇಲ್ಲಿ ಗಾಂಧೀಜಿಯವರಿಗೆ ಅನ್ಯಾಯವಾಗದಂತೆ ಮಾತನಾಡಬೇಕು. ಪಾಪ ಮಾಡಿದವರು ಬಿಹಾರಿಗಳೆಂದು ಅವರು ಬೆರಳು ತೋರಲಿಲ್ಲ. ಪಾಪ ‘ನಮ್ಮದು’ ಎಂದರು. ಭೂಕಂಪದ ಗೊಡವೆಯಿಲ್ಲದೆ ನಿಶ್ಚಿಂತೆಯಿಂದ ಕುಳಿತಿದ್ದ ದಕ್ಷಿಣದವರ ಎದೆಗೆ ಆ ಮಾತನ್ನು ತಾಗಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಫೆಬ್ರವರಿಯ ಕೊನೆಯ ಭಾಗದಲ್ಲಿ ಅವರು ಕೊಡಗು, ಮಂಗಳೂರು, ಉಡುಪಿಗಳ ಕಡೆ ಸಂಚರಿಸುವ ವೇಳೆಗೆ ಈ ವಾದ ಅಚ್ಚಾಗಿ ಜನರ ಕೈಸೇರಿತ್ತು. ಆದರೆ ಉದ್ದೇಶ ಒಳ್ಳೆಯದೆಂದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ಅವರ ಉತ್ತರದ ಕೊನೆಯ ಅಂಶವೇ ಎಲ್ಲಕ್ಕಿಂತ ದುರ್ಬಲವಾದುದು. ನಂಬಿಕೆ ಸುಳ್ಳಾದರೆ ನಷ್ಟವಿಲ್ಲ ಎನ್ನುವವರು, ಕೂಸನ್ನು ಕಳೆದುಕೊಂಡ ಮುಂಗೇರಿನ ಒಬ್ಬ ತಾಯಿಯ ಮುಂದೆ ನಿಂತು ಆ ಮಾತನ್ನು ಆಡಬಲ್ಲರೆ? ಜವಾಹರಲಾಲ್ ನೆಹರೂ ಅವರು ಮುಂಗೇರಿನ ಅವಶೇಷಗಳಲ್ಲಿ ಸ್ವತಃ ಗುದ್ದಲಿ ಹಿಡಿದು ಅಗೆದವರು. 1936ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರು, ಗಾಂಧೀಜಿಯ ಹೇಳಿಕೆ ತಮ್ಮನ್ನು ಬೆಚ್ಚಿಬೀಳಿಸಿತೆಂದೂ ಕವಿಯ ಉತ್ತರವನ್ನು ತಾವು ಪೂರ್ಣವಾಗಿ ಒಪ್ಪಿದುದಾಗಿಯೂ ಬರೆದಿದ್ದಾರೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಕವಿ ವಿಜ್ಞಾನದ ಪಕ್ಷ, ಮಹಾತ್ಮ ಧರ್ಮದ ಪಕ್ಷ ಎಂದು ಗೆರೆ ಎಳೆದುಬಿಡಬಹುದಾಗಿತ್ತು. ಆದರೆ ನಾಲ್ಕು ವರ್ಷಗಳ ಹಿಂದೆ, 1930ರ ಜುಲೈ 14ರಂದು, ಇದೇ ಕವಿ ಬರ್ಲಿನ್ನಿಗೆ ಸಮೀಪದ ಕಾಪುತ್ ಎಂಬ ಹಳ್ಳಿಯ ಮನೆಯಲ್ಲಿ ಆಲ್ಬರ್ಟ್ ಐನ್‌ಸ್ಟೈನರ ಎದುರಿಗೆ ಕುಳಿತು ಬೇರೆಯೇ ವಾದವನ್ನು ಹೂಡಿದ್ದರು. ಮನುಷ್ಯನ ಚಿತ್ತಕ್ಕೆ ಹೊರತಾದ ಸತ್ಯವಿಲ್ಲ, ಅರಿಯುವ ಮನಸ್ಸೇ ಇಲ್ಲದಿದ್ದರೆ ಸತ್ಯವೆಂಬುದಕ್ಕೆ ಅರ್ಥವೂ ಇಲ್ಲ ಎಂಬುದು ಅಂದು ಕವಿಯ ನಿಲುವು. ಮನುಷ್ಯನಿರಲಿ ಇಲ್ಲದಿರಲಿ ಸತ್ಯ ಸತ್ಯವೇ ಎಂಬುದು ವಿಜ್ಞಾನಿಯ ನಿಲುವು. ಅದನ್ನು ಸಾಧಿಸಿ ತೋರಿಸಬಲ್ಲಿರಾ ಎಂಬ ಪ್ರಶ್ನೆ ಬಂದಾಗ, ಜಗದ್ವಿಖ್ಯಾತ ವಿಜ್ಞಾನಿ ಏನೆಂದರು? ಸಾಧಿಸಲಾರೆ, ಅದು ನನ್ನ ಶ್ರದ್ಧೆ ಎಂಬ ಅರ್ಥದ ಮಾತನ್ನೇ ಅವರು ಆಡಿದರು. ಹಾಗಾದರೆ ಅವರಿಬ್ಬರಲ್ಲಿ ಧಾರ್ಮಿಕರು ಯಾರು? ಆ ಸಂಜೆ ಐನ್‌ಸ್ಟೈನರು ಆ ಹೆಸರನ್ನು ವಿನೋದದಿಂದ ತಮಗೇ ವಹಿಸಿಕೊಂಡರು.

ಶ್ರದ್ಧೆ ಎಂಬ ಪದ ಎರಡೂ ಕಡೆ ಒಂದೇ ಆಗಿದ್ದರೂ ಅದರ ನಡೆ ಒಂದೇ ಅಲ್ಲ. ನೆಲದ ನಡುಕಕ್ಕೆ ನೆಲದಲ್ಲೇ ಕಾರಣವಿದೆ ಎಂಬ ಶ್ರದ್ಧೆ ಮನುಷ್ಯನನ್ನು ಹುಡುಕಾಟಕ್ಕೆ ಹಚ್ಚುತ್ತದೆ. ಕವಿ ಬರೆದಾಗ ಆ ಕಾರಣ ಯಾರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿಗಳು ಬಿಹಾರ, ನೇಪಾಳಗಳಲ್ಲಿ ಸುತ್ತಿ, ಎಲ್ಲಿ ಎಷ್ಟು ಹಾನಿಯಾಯಿತೆಂದು ಗುರುತಿಸಿ, 1939ರಲ್ಲಿ ದೊಡ್ಡದೊಂದು ವರದಿಯನ್ನು ಹೊರತಂದರು. ಖಂಡಗಳು ಚಲಿಸುತ್ತವೆಂಬ ಆಲ್ಫ್ರೆಡ್ ವೆಗೆನರರ ಊಹೆಗೆ ಆಗ ಪಂಡಿತರಲ್ಲಿ ಮನ್ನಣೆಯಿರಲಿಲ್ಲ. ಅದು ಬೇರೂರಿದ್ದು 1960ರ ದಶಕದಲ್ಲಿ. ಭಾರತದ ನೆಲವನ್ನು ಹೊತ್ತ ಮಹಾಶಿಲಾಫಲಕ ವರ್ಷಕ್ಕೆ ಸುಮಾರು ನಾಲ್ಕೈದು ಸೆಂಟಿಮೀಟರಿನಂತೆ ಉತ್ತರಕ್ಕೆ ಒತ್ತುತ್ತಿದೆ. ನಮ್ಮ ಉಗುರು ಬೆಳೆಯುವ ವೇಗಕ್ಕಿಂತ ಅದೇನೂ ಬಹಳ ಹೆಚ್ಚಲ್ಲ. ಹಿಮಾಲಯದ ಬುಡದಲ್ಲಿ ಬಂಡೆಗಳು ಒಂದಕ್ಕೊಂದು ಸಿಕ್ಕಿಕೊಂಡು ಆ ಒತ್ತಡವನ್ನು ಶತಮಾನಗಟ್ಟಲೆ ತಡೆದಿಡುತ್ತವೆ. ತಡೆಯಲಾರದ ಗಳಿಗೆಯಲ್ಲಿ ಒಮ್ಮೆಲೆ ಜಾರುತ್ತವೆ. ಅದೇ ಭೂಕಂಪ.

1934ರ ಆ ಜಾರಿಕೆ ನೆಲದ ಮೇಲೆ ಎಲ್ಲಿ ಗಾಯ ಮಾಡಿತೆಂಬುದು ಬಹುಕಾಲ ಯಾರಿಗೂ ಸಿಕ್ಕಿರಲಿಲ್ಲ. ನೇಪಾಳದ ತಪ್ಪಲಿನ ಒಂದು ತೊರೆಯ ದಂಡೆಯನ್ನು ಅಗೆದು ಮಣ್ಣಿನ ಪದರಗಳನ್ನು ಓದಿದ ಸಂಶೋಧಕರು ಅದನ್ನು 2013ರಲ್ಲಿ ಪ್ರಕಟಿಸಿದರು. ಅಲ್ಲಿ ಒಂದಲ್ಲ, ಇನ್ನೂ ಹಳೆಯದೊಂದು ಬಿರುಕಿನ ಗುರುತೂ ಇತ್ತು. ಅದು 1255ರದು, ನೇಪಾಳದ ಅರಸು ಅಭಯಮಲ್ಲನ ಮರಣಕ್ಕೆ ಕಾರಣವಾದ ಭೂಕಂಪದ್ದು. ಎರಡರ ನಡುವೆ 679 ವರ್ಷ. ಅಷ್ಟು ಕಾಲವೂ ಪಾಪವೇನು ನಿಂತಿರಲಿಲ್ಲ. ಅಸ್ಪೃಶ್ಯತೆಯಂತೂ ಇದ್ದೇ ಇತ್ತು. ನಿಂತದ್ದು ಬಂಡೆ ಮಾತ್ರ.

ಇಂಥ ವಾದ ನಮ್ಮ ದೇಶಕ್ಕೇ ಮೀಸಲೇನಲ್ಲ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಜನ ಚರ್ಚುಗಳಲ್ಲಿ ನೆರೆದಿದ್ದಾಗಲೇ ಪೋರ್ಚುಗಲ್ಲಿನ ಲಿಸ್ಬನ್ ನಗರ ನೆಲಸಮವಾಯಿತು. ಪ್ರಾರ್ಥಿಸುತ್ತಿದ್ದವರನ್ನೇ ಶಿಕ್ಷಿಸುವ ದಂಡನೆ ಇದೆಂಥದು ಎಂದು ಯೂರೋಪಿನ ವಿಚಾರವಂತರು ಬೆರಗಾದರು. ವೋಲ್ಟೇರ್ ಅದನ್ನು ಕುರಿತು ಕವಿತೆ ಬರೆದ. ನಮಗೆ ಹತ್ತಿರದ ನಿದರ್ಶನವೂ ಉಂಟು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಮನೆಗಳು ಕುಸಿದುವು. ಆ ನಡುಕ ಬೀದರ, ಕಲಬುರ್ಗಿಗಳ ಕಡೆಗೂ ಮುಟ್ಟಿತು. ಅಲ್ಲಿ ಸಾವಿರಾರು ಜನರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಒರಟು ಕಲ್ಲುಗಳನ್ನು ಜೋಡಿಸಿ ಕಟ್ಟಿದ ದಪ್ಪ ಗೋಡೆಗಳು, ಅವುಗಳ ಮೇಲೆ ಹೇರಿದ ಭಾರವಾದ ಮಾಳಿಗೆಗಳು. ಈ ಕಾರಣ ತಿಳಿದರೆ ಗೋಡೆಯನ್ನು ಬೇರೆ ರೀತಿಯಲ್ಲಿ ಕಟ್ಟಬಹುದು.

ಬಿಹಾರದಲ್ಲಿ ಮಾತಿಗಿಂತ ಕೆಲಸ ಹೆಚ್ಚಾಗಿತ್ತು. ಸೆರೆಯಲ್ಲಿದ್ದ ರಾಜೇಂದ್ರ ಪ್ರಸಾದರು ಭೂಕಂಪವಾದ ಎರಡು ದಿನಗಳಲ್ಲಿ ಬಿಡುಗಡೆಯಾಗಿ, ದುರ್ಬಲ ದೇಹದಲ್ಲೇ ಪರಿಹಾರದ ಹೊಣೆ ಹೊತ್ತರು. ಮಾರ್ಚಿನಲ್ಲಿ ಗಾಂಧೀಜಿಯೂ ಅಲ್ಲಿಗೆ ಹೋದರು. ಪಾಪಪುಣ್ಯಗಳ ಉಪದೇಶದ ಜೊತೆಗೆ, ಬಿಟ್ಟಿ ಅನ್ನ ಬೇಡಬೇಡಿ, ಕೆಲಸ ಕೇಳಿ ಎಂದು ಸಂತ್ರಸ್ತರಿಗೆ ಹೇಳಿದರು. ಮರಳು ತುಂಬಿದ ಬಾವಿಗಳನ್ನು ತೋಡಬೇಕಿತ್ತು. ಗಿರಣಿಗಳು ಮುರಿದುಬಿದ್ದುದರಿಂದ ನಿಂತ ಕಬ್ಬು ಒಣಗುವ ಮೊದಲೇ ಅರೆಯಬೇಕಿತ್ತು. ಬಾವಿ ತೋಡುವವನಿಗೆ ಕವಿಯ ಪಕ್ಷವೋ ಮಹಾತ್ಮರ ಪಕ್ಷವೋ ಎಂದು ಯಾರೂ ಕೇಳಲಿಲ್ಲ.

ಕವಿ ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ, 1937ರಲ್ಲಿ, ‘ವಿಶ್ವಪರಿಚಯ’ವೆಂಬ ಪುಸ್ತಕವನ್ನು ಬಂಗಾಳಿಯಲ್ಲಿ ಬರೆದು ಪರಮಾಣುವಿನಿಂದ ನಕ್ಷತ್ರದವರೆಗಿನ ವಿಷಯಗಳನ್ನು ತಿಳಿಯಾಗಿ ವಿವರಿಸಿದರು, ಅದನ್ನು ವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ಗಾಂಧೀಜಿ ತಮ್ಮ ನಂಬಿಕೆಯನ್ನು ಬಿಟ್ಟರೆಂದು ಹೇಳಲು ಆಧಾರವಿಲ್ಲ. 1940ರ ಫೆಬ್ರವರಿಯಲ್ಲಿ ಅವರು ಶಾಂತಿನಿಕೇತನಕ್ಕೆ ಬಂದು ಹೊರಟು ನಿಂತಾಗ, ಕವಿ ಅವರ ಕೈಗೆ ಒಂದು ಕಾಗದವನ್ನಿತ್ತರು. ತಾನು ಬಾಳಿನಲ್ಲಿ ಕೂಡಿಸಿದ್ದೆಲ್ಲವನ್ನೂ ಹೊತ್ತ ಹಡಗಿನಂತಿರುವ ವಿಶ್ವಭಾರತಿಯನ್ನು ತನ್ನ ಅನಂತರ ನೀವು ಕಾಪಾಡಬೇಕೆಂಬುದು ಅದರ ಒಕ್ಕಣೆ. ಗಾಂಧೀಜಿ ಒಪ್ಪಿ ಮಾತು ಕೊಟ್ಟರು. ಮರುವರ್ಷ ಕವಿ ತೀರಿಕೊಂಡರು.