ಸಲಾಕೆಯ ಮೇಲಿನ ಗೀರು

ವೇಲಚೇರಿಯ ನಮ್ಮ ಮನೆಯಲ್ಲಿ ಕೋವಿಯಿಲ್ಲ. ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ಕೊಡಗಿಗೆ ಹೋದಾಗಲೇ ಮಕ್ಕಳಿಗೆ ಅದರ ದರ್ಶನ. ಕೋವಿಗೆ ಹೂವಿನ ಅಲಂಕಾರ, ತೆಂಗಿನಕಾಯಿಗೆ ಗುರಿ, ಎಲ್ಲವೂ ಚೆಂದವೇ.

ಆದರೆ ಕೇಪಿನ ಕೋವಿಗೆ ಈಡು ತುಂಬುವಾಗ ಅಜ್ಜ ಹೇಳುತ್ತಿದ್ದ ಮಾತು ಒಂದೇ: ಗುಂಡು ಮದ್ದಿಗೆ ತಾಗಿ ಕೂರಬೇಕು. ನಡುವೆ ತೆರಪು ಉಳಿದರೆ ನಳಿಗೆಯೇ ಸಿಡಿದೀತು. ಅದಕ್ಕೆಂದೇ ಅವರ ಜಡಿಯುವ ಸಲಾಕೆಯ ಮೇಲೊಂದು ಗೀರು. ಗೀರು ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಗುಂಡು ನಡುದಾರಿಯಲ್ಲಿ ಸಿಕ್ಕಿದೆಯೆಂದೇ ಅರ್ಥ. ಒಂದು ಹಬ್ಬದಲ್ಲಿ ಹಾಗೇ ಆಯಿತು. ನೆಂಟರು ಎಷ್ಟು ಅವಸರಪಡಿಸಿದರೂ ಅಜ್ಜ, "ಇವತ್ತು ಇದು ಹೊಡೆಯೋದಿಲ್ಲ" ಎಂದು ಕೋವಿ ಕೆಳಗಿಟ್ಟರು. ಪಂದ್ಯ ಹೋಯಿತು, ಕೈ ಉಳಿಯಿತು.

1959ರ ಶಸ್ತ್ರ ಕಾಯಿದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ವಿನಾಯಿತಿಯುಂಟು. ವಿನಾಯಿತಿ ಪರವಾನಗಿಗೆ ಮಾತ್ರ, ಎಚ್ಚರಕ್ಕಲ್ಲ.