ಒಂದೂವರೆ ಬೆಳೆಯ ಕಾಲ

ರೇಷ್ಮೆ ಸಾಕುವ ಮನೆಯ ಗಂಡಹೆಂಡಿರು ಜೊತೆಯಾಗಿ ಊರು ಬಿಟ್ಟು ಹೋಗುವುದನ್ನು ನೀವು ಎಂದಾದರೂ ಕಂಡಿದ್ದೀರಾ? ನಿಮ್ಮಲ್ಲಿ ಹಿಪ್ಪುನೇರಳೆ ತೋಟವುಳ್ಳವರು ಈ ಪ್ರಶ್ನೆಗೆ ನಕ್ಕುಬಿಡುವಿರಿ. ಮೊಟ್ಟೆಯೊಡೆದ ದಿನದಿಂದ ಹುಳು ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಸುಮಾರು 25 ದಿನ. ನಡುವೆ ನಾಲ್ಕು ಜ್ವರ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವನ್ನು ಕಂಡವರೇ ಬಲ್ಲರು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗವನ್ನು ಅದು ಆ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ಈಗ ಚಾಕಿ ಕೇಂದ್ರದಿಂದ ಎರಡನೆಯ ಜ್ವರ ದಾಟಿದ ಹುಳುಗಳನ್ನು ತರುವವರೇ ಹೆಚ್ಚಾದ್ದರಿಂದ ಮೊದಲ ದಿನಗಳ ನಾಜೂಕಿನ ಕೆಲಸ ತಪ್ಪಿದೆ. ಆದರೂ ಮನೆಯಲ್ಲಿ ಒಬ್ಬರು ಇರಲೇಬೇಕು. ಒಂದು ಬೆಳೆ ಮುಗಿದು ಮನೆ ತೊಳೆದು ಔಷಧಿ ಸಿಂಪಡಿಸುವಷ್ಟರಲ್ಲಿ ಮುಂದಿನ ಬೆಳೆ ಬಾಗಿಲಿಗೆ ಬಂದಿರುತ್ತದೆ.

ಹಾರೋಹಳ್ಳಿಯ ಬಳಿ ನಾನು ಬಲ್ಲ ದಂಪತಿಗಳಿದ್ದಾರೆ. ಮದುವೆಯಾಗಿ 37 ವರ್ಷ. ಈ ಅವಧಿಯಲ್ಲಿ ಅವರಿಬ್ಬರೂ ಒಟ್ಟಿಗೆ ಒಂದು ರಾತ್ರಿಗಿಂತ ಹೆಚ್ಚು ಮನೆಯಿಂದ ಹೊರಗಿದ್ದದ್ದಿಲ್ಲ. ಆಕೆಯ ತಂಗಿಯ ಮದುವೆಗೆ ಆಕೆ ಹೋದರು, ಅವರು ಉಳಿದರು. ಅವರ ಅಣ್ಣ ತೀರಿಕೊಂಡಾಗ ಅವರು ಹೋದರು, ಆಕೆ ಉಳಿದರು. ಗೂಡು ಬಿಡಿಸಿದ ಮೇಲೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಗೆ ಅವರೇ ಟೆಂಪೊ ಓಡಿಸಿಕೊಂಡು ಹೋಗುತ್ತಿದ್ದರು. ಆಕೆ ಮನೆಯಲ್ಲಿ ಕಾಯುತ್ತಿದ್ದರು. (ನಮ್ಮ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಗೂಡಿನ ಮಾರುಕಟ್ಟೆಗೆ ಹೋಗುವವರ ಬಾಯಲ್ಲಿ ಅದು ಇನ್ನೂ ರಾಮನಗರವೇ.)

2023ರ ಕೊನೆಯಲ್ಲಿ ಅವರಿಗೆ ಎದೆನೋವು ಬಂದು ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ಆಸ್ಪತ್ರೆಯಲ್ಲಿದ್ದ ಆ ಐದು ದಿನವೂ ಮನೆಯಲ್ಲಿ ಹುಳು ಸೊಪ್ಪು ತಿನ್ನುತ್ತಿತ್ತು. ಆಕೆ ಬೆಳಿಗ್ಗೆ ಸೊಪ್ಪು ಹಾಕಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಸಂಜೆ ಸೊಪ್ಪಿನ ಹೊತ್ತಿಗೆ ಹಿಂತಿರುಗುತ್ತಿದ್ದರು. ಆ ಬೆಳೆ ಮಾರಿದ ಮೇಲೆ ಇಬ್ಬರೂ ಕೂತು ಮಾತಾಡಿ ತೋಟವನ್ನು ಪಕ್ಕದವರಿಗೆ ಗುತ್ತಿಗೆಗೆ ಕೊಟ್ಟರು. ಒಂದು ಹಳೆಯ ವ್ಯಾನು ಕೊಂಡರು. ಹಿಂಬದಿಯ ಸೀಟುಗಳ ಮೇಲೆ ಕೂರುವಂತೆ ಹಲಗೆಯ ಮಂಚ, ಒಂದು ಗ್ಯಾಸ್ ಒಲೆ, ಎರಡು ನೀರಿನ ಕ್ಯಾನು, ಕಿಟಕಿಗೆ ಸೊಳ್ಳೆಪರದೆ. ವಾಹನದ ಮೂಲ ಸ್ವರೂಪ ಬದಲಿಸಲು ಸಾರಿಗೆ ಇಲಾಖೆಯ ಅನುಮತಿ ಬೇಕಾದ್ದರಿಂದ ಎಲ್ಲವನ್ನೂ ಬೇಕೆಂದಾಗ ಬಿಚ್ಚಿ ತೆಗೆಯುವಂತೆಯೇ ಮಾಡಿಸಿದರು. ಕ್ಯಾಂಪರ್ ವ್ಯಾನ್ ಎಂಬ ಮಾತನ್ನು ಅವರಿಗೆ ಹೇಳಿಕೊಟ್ಟವರು ಮೊಮ್ಮಕ್ಕಳು. ಊರವರು ಅದಕ್ಕೆ ಇಟ್ಟ ಹೆಸರು ಬೇರೆ, ಇಲ್ಲಿ ಬರೆಯುವಂಥದ್ದಲ್ಲ.

ಹೆಣ್ಣುಮಕ್ಕಳಿಬ್ಬರೂ ನನ್ನ ಬಳಿಗೆ ಬಂದರು. "ಸ್ವಾಮಿ, ನೀವಾದರೂ ಬುದ್ಧಿ ಹೇಳಿ" ಎಂದರು. ಅವರ ಭಯ ನಿರಾಧಾರವಾದುದಲ್ಲ. ಕನಕಪುರದ ಕಡೆಯವರಿಗೆ ನೀರೆಂದರೆ ಸಂಗಮ, ಮೇಕೆದಾಟು. ಅಲ್ಲಿ ಮುಳುಗಿ ಸತ್ತ ಯುವಕರ ಅಂತ್ಯಕ್ರಿಯೆ ಮಾಡಿದ ಕೈ ನನ್ನದು. ಅದರ ಮೇಲೆ 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲಿನಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಹೋಗಿದ್ದರು. ಆದರೂ ನಾನು ಬುದ್ಧಿ ಹೇಳಲಿಲ್ಲ. ಹೃದ್ರೋಗ ತಜ್ಞರು ಪ್ರಯಾಣಕ್ಕೆ ಅಡ್ಡಿಯಿಲ್ಲವೆಂದಿದ್ದರು, ಮಾತ್ರೆಗಳ ಪಟ್ಟಿ ಬರೆದುಕೊಟ್ಟಿದ್ದರು. ಉಳಿದಂತೆ, 37 ವರ್ಷ ಸರದಿಯ ಮೇಲೆ ಬದುಕಿದ ಇಬ್ಬರು ಜೊತೆಯಾಗಿ ಹೊರಡುವಾಗ ಅಡ್ಡ ನಿಲ್ಲುವ ಅಧಿಕಾರ ಯಾರಿಗಿದೆ? ಮಕ್ಕಳಿಗೆ ಇಷ್ಟನ್ನೇ ಕೇಳಿದೆ. ಅವರಿಗೆ ಹಿಡಿಸಲಿಲ್ಲ.

2025ರ ಸಂಕ್ರಾಂತಿ ಕಳೆದ ವಾರ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ದಾರಿಯಾಗಿ ಮಂಗಳೂರಿಗೆ ಇಳಿದರು. ನಮ್ಮ ಕರಾವಳಿ ಉಳ್ಳಾಲದಿಂದ ಕಾರವಾರದವರೆಗೆ ಹೆಚ್ಚು ಕಡಿಮೆ 320 ಕಿ.ಮೀ. ಹಿಂದೆ 17 ಎನಿಸಿಕೊಂಡಿದ್ದ, ಈಗ 66ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಹಗಲು ಸಾಕು. ಅವರು 38 ದಿನ ತೆಗೆದುಕೊಂಡರು. "ಒಂದೂವರೆ ಬೆಳೆ ಆಯಿತು ಸ್ವಾಮಿ" ಎಂದು ಆಕೆ ಫೋನಿನಲ್ಲಿ ಹೇಳಿದ್ದು ನೆನಪಿದೆ. ಕಾಲವನ್ನು ಅಳೆಯಲು ಆಕೆಗೆ ಬೇರೆ ಮಾನವಿಲ್ಲ.

ಸಸಿಹಿತ್ಲು ಮತ್ತು ಮೂಲ್ಕಿಯಲ್ಲಿ ನಾಲ್ಕು ದಿನ ನಿಂತರು. ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್ ಆಟವನ್ನು ಮೂಲ್ಕಿಯ ಆಶ್ರಮವೊಂದರವರು 2004ರಿಂದ ಕಲಿಸುತ್ತ ಬಂದಿದ್ದಾರೆ; ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೂ ನಡೆಯಿತು. ಅಲೆ ಬರುವ ಮುನ್ನ ಅದರ ಬೆನ್ನನ್ನು ಗುರುತಿಸುವ ಅಲ್ಲಿನ ಹುಡುಗರ ಕಣ್ಣು ಅವರಿಗೆ ಬಹಳ ಮೆಚ್ಚಿಗೆಯಾಯಿತು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರು. 1498ರಲ್ಲಿ ವಾಸ್ಕೋ ಡ ಗಾಮ ಮರಿಯ ಮಾತೆಯ ಹೆಸರಿಟ್ಟನೆಂಬ ಐತಿಹ್ಯವುಳ್ಳ ಆ ದ್ವೀಪದ ಕಂಬಗಲ್ಲುಗಳು, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ. ಮಲ್ಪೆಯ ಮರಳಿನಲ್ಲಿ ಅಬ್ಬರಿಸುವ ಯಂತ್ರದ ದೋಣಿಗಳು ಆಕೆಗೆ ಹಿಡಿಸಲಿಲ್ಲ, ನನಗೂ ಹಿಡಿಸುವುದಿಲ್ಲ. ಸಾಲಿಗ್ರಾಮದ ಸೀತಾನದಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಹುಟ್ಟು ಹಾಕುತ್ತ ಕಯಾಕಿನಲ್ಲಿ ಸುತ್ತಿದ ಒಂದು ಗಂಟೆ ಅವರಿಬ್ಬರಿಗೂ ಸಾಕಾಗಲಿಲ್ಲ. ಒಂದೇ ದೋಣಿ, ಹಿಂದೆ ಆಕೆ, ಮುಂದೆ ಅವರು. ದೋಣಿಯನ್ನು ತಿರುಗಿಸುವವರು ಹಿಂದೆ ಕೂತವರಾದ್ದರಿಂದ ಅವರು ಉದ್ದಕ್ಕೂ ಗೊಣಗಿದರಂತೆ.

ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆಯಲ್ಲಿ ವ್ಯಾನಿನ ಬಾಗಿಲು ತೆರೆದಿಟ್ಟು ರಾಗಿ ಮುದ್ದೆ ತಿರುವಿ, ಬಂಗುಡೆ ಸಾರಿನೊಡನೆ ಉಂಡರು. ಹಾರೋಹಳ್ಳಿಯಿಂದ ಒಯ್ದ ಹಿಟ್ಟು ಅಲ್ಲಿಗೆ ಅರ್ಧ ಮುಗಿದಿತ್ತು. ತೊಂದರೆಗಳೂ ಇದ್ದವು. ಇಂಥ ವಾಹನ ನಿಲ್ಲಿಸಿ ನೀರು, ಶೌಚಾಲಯ ಪಡೆಯುವ ತಂಗುದಾಣ ದಾರಿಯುದ್ದಕ್ಕೂ ಅವರ ಕಣ್ಣಿಗೆ ಬೀಳಲಿಲ್ಲ. ಪೆಟ್ರೋಲ್ ಬಂಕಿನವರ, ದೇವಾಲಯಗಳ, ಒಂದೆರಡು ಧರ್ಮಕೇಂದ್ರಗಳ ಔದಾರ್ಯದಲ್ಲಿ ರಾತ್ರಿಗಳು ಕಳೆದವು. ರಾತ್ರಿಯ ಸೆಕೆಗೆ ನಮ್ಮ ಬಯಲುಸೀಮೆಯ ದೇಹ ಒಗ್ಗುವುದು ಕಷ್ಟ.

ಫೆಬ್ರವರಿಯ ಮೊದಲ ವಾರ ಹೊನ್ನಾವರದಲ್ಲಿ ನನಗೊಂದು ಕೆಲಸವಿತ್ತು. ಅಲ್ಲಿಂದ ಮುರುಡೇಶ್ವರಕ್ಕೆ ಹೋದೆ. ಸುಮಾರು 19 ಕಿ.ಮೀ. ಒಳಗೆ ಕಡಲಲ್ಲಿರುವ ನೇತ್ರಾಣಿ ದ್ವೀಪದ ಬಳಿ ನೀರಿನೊಳಗೆ ಮುಳುಗಿ ಮೀನುಗಳನ್ನು ನೋಡುವ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಹೊರಟಾಗಿನಿಂದ ಅವರ ಮನಸ್ಸು ಅದರ ಮೇಲೆಯೇ ಇತ್ತು. ಆರೋಗ್ಯದ ವಿವರ ಕೇಳುವ ಕಾಗದದಲ್ಲಿ ಸ್ಟೆಂಟಿನ ವಿಷಯವನ್ನು ಅವರೇ ಬರೆದರು. ತರಬೇತುದಾರ ಯುವಕ ಓದಿ, ಬಹಳ ಮರ್ಯಾದೆಯಿಂದ, "ಆಗುವುದಿಲ್ಲ ಅಂಕಲ್" ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅವರು ಮಾತಾಡದೆ ವ್ಯಾನಿನ ಬಳಿಗೆ ಹೋಗಿ ಟೈರು ಒತ್ತಿ ನೋಡುತ್ತ ನಿಂತರು.

ಆಗ ಆಕೆ, "ನಾನು ಹೋಗಬಹುದೇನಪ್ಪಾ?" ಎಂದು ಕೇಳಿದರು. 57 ವರ್ಷ, ಈಜು ಬಾರದು. ಈಜು ಬಾರದಿದ್ದರೂ ತರಬೇತುದಾರ ಹಿಡಿದುಕೊಂಡೇ ಇರುತ್ತಾನೆ, ವೈದ್ಯರ ಪತ್ರ ಬೇಕು ಎಂದರು. ಅಂದೇ ಭಟ್ಕಳಕ್ಕೆ ಹೋಗಿ ಪತ್ರ ತಂದರು. ಮರುದಿನ ಬೆಳಿಗ್ಗೆ ದೋಣಿಯಲ್ಲಿ ಅವರೂ ನಾನೂ ಜೀವರಕ್ಷಕ ಕವಚ ತೊಟ್ಟು ನೋಡುಗರಾಗಿ ಕೂತೆವು. ದಾರಿಯುದ್ದಕ್ಕೂ ಆಕೆಗೆ ಪಾಠ. ಕಿವಿ ನೊಂದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ಬಾಯಿಯಿಂದಲೇ ಉಸಿರಾಡಬೇಕು. ಹೆಬ್ಬೆರಳೆತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲಕ್ಕೆ ಹೋಗೋಣ' ಎಂದು. ಚೆನ್ನಾಗಿದ್ದರೆ ಬೆರಳುಗಳನ್ನು ಉಂಗುರ ಮಾಡಿ ತೋರಬೇಕು.

ಆಕೆಯ ತಲೆ ನೀರಿನಡಿ ಮರೆಯಾಯಿತು. ಗುಳ್ಳೆಗಳಷ್ಟೇ ಮೇಲೆ ಬರುತ್ತಿದ್ದವು. ಅವರು ದೋಣಿಯ ಅಂಚು ಹಿಡಿದು ಗುಳ್ಳೆಗಳನ್ನೇ ನೋಡುತ್ತ ಕುಳಿತರು. ಸುಮಾರು ಇಪ್ಪತ್ತು ನಿಮಿಷ. ಗುಳ್ಳೆ ಒಮ್ಮೆ ದೂರ ಸರಿದಾಗ ಅರ್ಧ ಎದ್ದು ನಿಂತರು, ದೋಣಿಯವನು ಕೂರಿಸಿದ. ಆಗ ನನ್ನ ಕಡೆ ತಿರುಗದೆಯೇ ಹೇಳಿದರು: "ಮಾರ್ಕೆಟ್ಟಿನಲ್ಲಿ ಹರಾಜು ತಡವಾಗಿ ನಾನು ರಾತ್ರಿ ಹತ್ತು ಗಂಟೆಗೆ ಮನೆಗೆ ಬರ್ತಿದ್ದೆ ಸ್ವಾಮಿ. ಬಾಗಿಲಲ್ಲೇ ಕೂತಿರ್ತಿದ್ದಳು. ಯಾಕೆ ಮಲಗಲಿಲ್ಲ ಅಂತ ರೇಗ್ತಿದ್ದೆ."

ನಾನು ಉತ್ತರಿಸಲಿಲ್ಲ. ಅವರೂ ನಿರೀಕ್ಷಿಸಿರಲಿಲ್ಲ.

ಮೇಲೆ ಬಂದ ಆಕೆ ಮುಖಕವಚ ತೆಗೆದವರೇ ಮಾತು ಶುರುಮಾಡಿದರು. ಹಳದಿ ಪಟ್ಟೆಯ ಮೀನು, ಬಂಡೆಗೆ ಅಂಟಿಕೊಂಡ ಹೂವಿನಂಥ ಜೀವಿ, ಒಂದರ ಹಿಂದೊಂದು ತಿರುಗುವ ಸಣ್ಣ ಮೀನಿನ ಹಿಂಡು. ದಡ ಮುಟ್ಟುವವರೆಗೂ ಅವರು ಒಂದೊಂದನ್ನೂ ಬಿಡಿಸಿ ಕೇಳಿದರು: ಎಷ್ಟು ಉದ್ದವಿತ್ತು, ನಿನ್ನ ಕಡೆ ನೋಡಿತಾ, ಕತ್ತಲೆ ಇತ್ತಾ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಪ್ರಶ್ನೆಗಳು ನಡೆದಿದ್ದವು.

ಮುಂದಿನ ದಾರಿ ಬೇಗ ಸಾಗಿತು. ಹೊನ್ನಾವರ, ಕುಮಟಾ, ಗೋಕರ್ಣ, ಕೊನೆಗೆ ಕಾರವಾರ. ಅಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತ್ತು. ಚಾಲಕ ಬದುಕಿ ಬಂದ. ಹೊಸ ಸೇತುವೆಯನ್ನು ಒಮ್ಮೆ ದಾಟಿ, ಹಿಂತಿರುಗಿ, ಅವರು ವ್ಯಾನಿನ ಮುಖ ಊರ ಕಡೆ ತಿರುಗಿಸಿದರು. ಬೂದಿ ಬುಧವಾರಕ್ಕೆ ಮುನ್ನ ಮನೆಯಲ್ಲಿದ್ದರು. ಬಂದ ಸಂಜೆಯೇ ಆಕೆ ಪಕ್ಕದವರ ಹುಳುಮನೆಗೆ ಹೋಗಿ, ಇವು ನಾಲ್ಕನೇ ಜ್ವರಕ್ಕೆ ಕೂತಿವೆ, ಈಗ ಸೊಪ್ಪು ಹಾಕಬೇಡಿ ಎಂದು ಹೇಳಿ ಬಂದರಂತೆ.

ಮುಂದಿನ ತಪಾಸಣೆಯಲ್ಲಿ ಅವರು ವೈದ್ಯರಿಗೆ ಕೇಳಿದ ಮೊದಲ ಪ್ರಶ್ನೆ ನೀರಿನಾಳದ್ದು. ವೈದ್ಯರು ಸ್ಪಷ್ಟವಾಗಿ ಬೇಡವೆಂದರು. ಈಗ ಸಾಲಿಗ್ರಾಮದ ದೋಣಿಯ ಮಾತು ನಡೆದಿದೆ. ಈ ಸಲ ತಾನು ಹಿಂದೆ ಕೂರುವುದೆಂದು ಅವರ ಹಟ; ಆಕೆ ಇನ್ನೂ ಒಪ್ಪಿಲ್ಲ.